ಕುಂಡದ ಟೊಮೆಟೊ: ಅಂಗಳವಿಲ್ಲದ ಮನೆಗೂ ಒಂದು ಕೈತೋಟ

ದವಾಖಾನೆಗೆ ಬರುವವರಲ್ಲಿ ಬಹಳ ಮಂದಿ ಕೇಳುವ ಒಂದು ಪ್ರಶ್ನೆಯಿದೆ: “ಹಕೀಮ್ ಸಾಬ್, ಟೊಮೆಟೊ ತಿನ್ನಬಹುದಾ, ಬಿಡಬೇಕಾ?” ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಒಬ್ಬರು ಬಿಟ್ಟಿರುತ್ತಾರೆ. ಔಷಧಿ ಹೊಡೆದಿರುತ್ತಾರೆ ಎಂದು ಇನ್ನೊಬ್ಬರು ಹೆದರಿರುತ್ತಾರೆ. 2023ರ ಜುಲೈನಲ್ಲಿ ಕೆ.ಜಿ.ಗೆ ನೂರು ರೂಪಾಯಿ ದಾಟಿದಾಗ ಕೇಳುವ ಗೊಡವೆಯೇ ಇಲ್ಲದೆ ಎಷ್ಟೋ ಮನೆಗಳಲ್ಲಿ ಹುಣಸೆಹಣ್ಣೇ ಗತಿಯಾಯಿತು. ಈ ಮೂರು ಚಿಂತೆಗಳಿಗೂ ಸ್ವಲ್ಪಮಟ್ಟಿಗೆ ಉತ್ತರ ಕೊಡುವ ಉಪಾಯವೊಂದು ನಮ್ಮ ಕೈಯಲ್ಲೇ ಇದೆ. ಅದೇ ಮನೆಯ ಕುಂಡದಲ್ಲಿ ಬೆಳೆಯುವ ಟೊಮೆಟೊ.

ಶ್ರೀರಂಗಪಟ್ಟಣದ ಕೋಟೆಯೊಳಗಿನ ಒತ್ತೊತ್ತಾದ ಮನೆಗಳಿಗೆ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಪಟ್ಟಣಗಳ ಗಲ್ಲಿ ಮನೆಗಳಿಗೆ ಹಿತ್ತಲು ಎಂಬುದು ಈಗ ಉಳಿದಿಲ್ಲ. ಹಾಗೆಂದು ತೋಟಗಾರಿಕೆ ನಮಗೆ ಹೊಸತಲ್ಲ. ಪಕ್ಕದ ಗಂಜಾಂ ಅಂಜೂರಕ್ಕೆ ಹೆಸರಾದ ಊರು. ಹಿತ್ತಲು ಹೋದರೂ ಬಿಸಿಲು ಬೀಳುವ ನಾಲ್ಕು ಅಡಿ ಜಾಗ ಬಹುತೇಕ ಮನೆಗಳಲ್ಲಿ ಇದ್ದೇ ಇದೆ. ಟೊಮೆಟೊಗೆ ಅಷ್ಟು ಸಾಕು.

ಯಾರು ತಿನ್ನಬಹುದು, ಯಾರು ಜಾಗ್ರತೆ ವಹಿಸಬೇಕು?

ಯುನಾನಿ ವೈದ್ಯಶಾಸ್ತ್ರದ ಮಹಾಗ್ರಂಥ ‘ಅಲ್ ಕಾನೂನ್’ ಬರೆದ ಇಬ್ನ್ ಸೀನಾ (980–1037) ಟೊಮೆಟೊವನ್ನು ಕಂಡವರಲ್ಲ. ಅಮೆರಿಕ ಖಂಡದ ಈ ಹಣ್ಣು ಸಮುದ್ರ ದಾಟಿ ಹೊರಬಂದದ್ದೇ 16ನೇ ಶತಮಾನದಲ್ಲಿ. ಆದ್ದರಿಂದ ಇದರ ವಿಷಯದಲ್ಲಿ ಹಳೆಯ ಗ್ರಂಥದ ಹೆಸರು ಹೇಳಿ ಹೆದರಿಸುವವರ ಮಾತಿಗೆ ಬೆಲೆ ಕೊಡಬೇಕಿಲ್ಲ.

ನೂರು ಗ್ರಾಂ ಟೊಮೆಟೊದಲ್ಲಿ ಸುಮಾರು 94 ಗ್ರಾಂ ನೀರೇ ಇರುತ್ತದೆ. ಕ್ಯಾಲೊರಿ 20ರ ಆಸುಪಾಸು. ಸಕ್ಕರೆ ಕಾಯಿಲೆಯವರೂ ಧಾರಾಳವಾಗಿ ತಿನ್ನಬಹುದು. ಇದರಲ್ಲಿರುವ ಸಿ ಜೀವಸತ್ವವು ಸೊಪ್ಪು, ಹುರುಳಿಕಾಳು, ರಾಗಿಯಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದು ಎಲ್ಲರಿಗೂ ಗೊತ್ತು. ಮುದ್ದೆ, ಸೊಪ್ಪಿನ ಸಾರಿನ ಜೊತೆ ಹಸಿ ಟೊಮೆಟೊ ಹೋಳು ನಾಲ್ಕು ಇರಲಿ. ಊಟವಾದ ಕೂಡಲೇ ಚಹಾ ಬೇಡ. ಚಹಾ ಕಬ್ಬಿಣದ ಅಂಶವನ್ನು ತಡೆಯುತ್ತದೆ. ಟೊಮೆಟೊದ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೋಪಿನ್ ಎಣ್ಣೆಯಲ್ಲಿ ಬೇಯಿಸಿದಾಗ ದೇಹಕ್ಕೆ ಚೆನ್ನಾಗಿ ದಕ್ಕುತ್ತದೆ. ಆದ್ದರಿಂದ ಹಸಿಯದೂ ಇರಲಿ, ದಾಲ್ಚಾದಲ್ಲಿ ಬೆಂದದ್ದೂ ಇರಲಿ.

ಕಿಡ್ನಿ ಕಲ್ಲಿನ ಭಯಕ್ಕೆ ಬರೋಣ. ಕಲ್ಲಿಗೆ ಕಾರಣವೆನ್ನುವ ಆಕ್ಸಲೇಟ್ ಪಾಲಕ್ ಸೊಪ್ಪಿನಲ್ಲಿ ಬಹಳ ಹೆಚ್ಚು, ಟೊಮೆಟೊದಲ್ಲಿ ಕಡಿಮೆ. ಕಲ್ಲಾಗುವುದಕ್ಕೆ ದೊಡ್ಡ ಕಾರಣ ನೀರು ಕಡಿಮೆ ಕುಡಿಯುವುದು. ಆದರೆ ಕಿಡ್ನಿ ದುರ್ಬಲವಾಗಿ ಪೊಟ್ಯಾಷಿಯಂ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರೆ ಟೊಮೆಟೊವನ್ನೂ ಅಳತೆಯಲ್ಲೇ ತಿನ್ನಬೇಕು. ಎದೆಯುರಿ, ಹುಳಿತೇಗು ಇರುವವರು ರಾತ್ರಿಯೂಟದಲ್ಲಿ ಬಿಡುವುದು ಒಳ್ಳೆಯದು. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಟೊಮೆಟೊ ಅಡುಗೆ ಮಾಡಬೇಡಿ, ಮಾಡಿಡಲೂಬೇಡಿ. ಹುಳಿಗೆ ಲೋಹ ಕರಗುತ್ತದೆ.

ಕುಂಡ ಮತ್ತು ಮಣ್ಣು

ಒಂದು ಗಿಡಕ್ಕೆ ಒಂದೇ ಕುಂಡ. ಅಡಿಯಷ್ಟು ಆಳ, 12ರಿಂದ 15 ಲೀಟರ್ ಹಿಡಿಸುವಷ್ಟು ಅಗಲ ಬೇಕು. ಹಳೆಯ ಬಕೆಟ್, ಅಡುಗೆ ಎಣ್ಣೆಯ ಡಬ್ಬ, ಗಟ್ಟಿಯಾದ ಅಕ್ಕಿ ಚೀಲ ಯಾವುದಾದರೂ ಆಗಬಹುದು. ತಳದಲ್ಲಿ ಬೆರಳು ತೂರುವಷ್ಟು ನಾಲ್ಕೈದು ತೂತುಗಳಿರಬೇಕು. ಕೀಟನಾಶಕ, ಆ್ಯಸಿಡ್ ಅಥವಾ ಬೇರೆ ರಾಸಾಯನಿಕ ತುಂಬಿದ್ದ ಡಬ್ಬವನ್ನು ಎಷ್ಟೇ ತೊಳೆದಿದ್ದರೂ ಬಳಸಬೇಡಿ.

ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ. ತೆಂಗು ಹೇರಳವಾಗಿರುವ ನಾಗಮಂಗಲ, ಕೆ.ಆರ್. ಪೇಟೆ ಕಡೆ ನಾರಿನ ಪುಡಿಗೆ ಕೊರತೆಯಿಲ್ಲ. ಅದರ ಉಪ್ಪಿನಂಶ ಹೋಗುವಂತೆ ಎರಡು ಸಲ ನೀರಿನಲ್ಲಿ ತೊಳೆದು ಹಿಂಡಿ ಬಳಸಿ. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ. ಮಾಂಸ ತೊಳೆದ ನೀರು, ಮೂಳೆ, ಕುರ್ಬಾನಿಯ ಉಳಿಕೆಗಳನ್ನು ಕುಂಡಕ್ಕೆ ಹಾಕಬೇಡಿ. ಇಲಿ, ಇರುವೆ, ನೊಣ ಮುತ್ತುತ್ತವೆ.

ಮಣ್ಣು ನೀರು ತುಂಬಿದ ಕುಂಡ 15ರಿಂದ 20 ಕೆ.ಜಿ. ತೂಗುತ್ತದೆ. ತಾರಸಿಯಲ್ಲಿ ಗೋಡೆಯ ಮೇಲೆ ಭಾರ ಬೀಳುವಂತೆ ಅಂಚಿನ ಸಾಲಿನಲ್ಲಿ ಇಡಿ. ಶೀಟಿನ ಮನೆಯ ಮೇಲೆ ಇಡಲೇಬೇಡಿ.

ತಳಿ ಮತ್ತು ಕಾಲ

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ಹವೆಗೆ ಒಗ್ಗುವ ತಳಿಗಳನ್ನು ಕೊಟ್ಟಿದೆ. ‘ಅರ್ಕಾ ರಕ್ಷಕ್’ ಎಂಬ ಹೈಬ್ರಿಡ್ ತಳಿಗೆ ಎಲೆ ಮುದುಡು ರೋಗ, ಸೊರಗು ರೋಗ, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಶಕ್ತಿಯಿದೆ. ಆದರೆ ಅದರ ಬೀಜವನ್ನು ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆಯಿದ್ದವರಿಗೆ ‘ಅರ್ಕಾ ವಿಕಾಸ್’ ಸೂಕ್ತ. ನೀರಿನ ಅಭಾವವನ್ನೂ ಅದು ತಾಳಿಕೊಳ್ಳುತ್ತದೆ. ಜಾಗ ತೀರಾ ಚಿಕ್ಕದಾದರೆ ಗೋಲಿಯಷ್ಟು ಹಣ್ಣು ಬಿಡುವ ಚೆರ್ರಿ ಟೊಮೆಟೊ ಹಾಕಿ. ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ, ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತಳಿಗಳ ಬಗ್ಗೆ ವಿಚಾರಿಸಬಹುದು.

ಜೂನ್–ಜುಲೈ ಅಥವಾ ಅಕ್ಟೋಬರ್–ನವೆಂಬರ್ ಬಿತ್ತನೆಗೆ ಒಳ್ಳೆಯ ಕಾಲ. ಹಗಲಿನ ಬಿಸಿಲು 35 ಡಿಗ್ರಿ ದಾಟಿದರೆ ಹೂ ಉದುರುತ್ತದೆ. ಆದ್ದರಿಂದ ಏಪ್ರಿಲ್–ಮೇ ತಿಂಗಳಲ್ಲಿ ಹೂ ನಿಲ್ಲಲಿಲ್ಲವೆಂದು ಬೇಸರಪಡಬೇಡಿ, ಮಧ್ಯಾಹ್ನ ನೆರಳು ಕೊಡಿ. ಬೀಜ ಒಂದು ವಾರದಲ್ಲಿ ಮೊಳೆಯುತ್ತದೆ. 25 ದಿನದ ಸಸಿಯನ್ನು ಸಂಜೆ ಹೊತ್ತು, ಕಾಂಡದ ಅರ್ಧದಷ್ಟು ಮಣ್ಣಿನೊಳಗೆ ಹೋಗುವಂತೆ ನೆಡಿ. ಹೂತ ಕಾಂಡದಿಂದಲೂ ಬೇರು ಒಡೆಯುತ್ತದೆ. ನೆಟ್ಟ ಎರಡರಿಂದ ಎರಡೂವರೆ ತಿಂಗಳಿಗೆ ಹಣ್ಣು.

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅಷ್ಟು ಬಿಸಿಲಿಲ್ಲದ ಮನೆಯವರು ಪುದೀನ, ಕೊತ್ತಂಬರಿ, ಮೆಂತ್ಯ ಹಾಕಿಕೊಳ್ಳಲಿ. ಗಿಡ ಒಂದಡಿ ಆದ ಕೂಡಲೇ ನಾಲ್ಕಡಿ ಕೋಲು ನೆಟ್ಟು ಹಳೆಯ ದುಪಟ್ಟಾದ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಹೂ ಬಂದ ಮೇಲೆ ಬೆಳಗಿನ ಹೊತ್ತು ಗಿಡವನ್ನು ಮೆಲ್ಲಗೆ ಅಲುಗಾಡಿಸಿದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ.

ವುಝೂ ನೀರು ವ್ಯರ್ಥವಾಗದಿರಲಿ

ಕಾಲುವೆ ನೀರಿರುವ ಶ್ರೀರಂಗಪಟ್ಟಣ, ಪಾಂಡವಪುರದವರಿಗಿಂತ ನಾಗಮಂಗಲ, ಕೆ.ಆರ್. ಪೇಟೆಯ ಬೋರ್‌ವೆಲ್ ನಂಬಿದ ಕುಟುಂಬಗಳಿಗೆ ನೀರಿನ ಬೆಲೆ ಚೆನ್ನಾಗಿ ಗೊತ್ತು. ಐದು ಜನರ ಮನೆಯಲ್ಲಿ ಐದು ಹೊತ್ತಿನ ವುಝೂವಿನಲ್ಲಿ ತಲೆಗೆ ಅರ್ಧ ಲೀಟರ್ ನೀರನ್ನು ಒಂದು ಬೋಗುಣಿಯಲ್ಲಿ ಹಿಡಿದರೂ ದಿನಕ್ಕೆ 12 ಲೀಟರ್ ದಾಟುತ್ತದೆ. ಸೋಪು ಸೇರದ ಆ ನೀರು ಎಂಟು ಹತ್ತು ಗಿಡಗಳಿಗೆ ಸಾಕು. ಅಕ್ಕಿ, ತರಕಾರಿ ತೊಳೆದ ನೀರೂ ಆಗಬಹುದು. ಫಿನಾಯಿಲ್, ಸೋಪಿನ ನೀರು, ಆರ್.ಓ. ಯಂತ್ರದಿಂದ ಹೊರಬೀಳುವ ಉಪ್ಪುನೀರು ಬೇಡ.

ಬೆಳಗ್ಗೆ ಗಿಡದ ಬುಡಕ್ಕೆ ಒಂದು ಲೀಟರ್ ಹಾಕಿ, ಬಿಸಿಲು ಜಾಸ್ತಿಯಿದ್ದರೆ ಸಂಜೆಯೂ ಸ್ವಲ್ಪ. ಎಲೆಗಳನ್ನು ನೆನೆಸಬೇಡಿ. ನಾಲ್ಕು ದಿನ ಒಣಗಿಸಿ ಆಮೇಲೆ ಒಂದೇ ಸಲ ತುಂಬಿಸಿದರೆ ಹಣ್ಣು ಸೀಳುತ್ತದೆ, ಕಾಯಿಯ ಕೆಳಭಾಗ ಕಪ್ಪಾಗಿ ಕೊಳೆಯುತ್ತದೆ. ಎರಡು ವಾರಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಯೂರಿಯಾ ಸುರಿದರೆ ಸೊಪ್ಪು ಬೆಳೆಯುತ್ತದೆ, ಹಣ್ಣು ಬರುವುದಿಲ್ಲ.

ಇಲ್ಲಿ ಒಂದು ಆರೋಗ್ಯದ ಎಚ್ಚರಿಕೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ತಿಳಿನೀರಿನಲ್ಲೇ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಪ್ರತಿ ಜುಮಾ ದಿನ ತಟ್ಟೆಗಳನ್ನು ಚೆಲ್ಲಿ ಉಜ್ಜಿ ಒಣಗಿಸಿ. ನೀರು ಹಿಡಿದಿಟ್ಟ ಬಕೆಟ್‌ಗೆ ಮುಚ್ಚಳವಿರಲಿ, ಅಂದಂದೇ ಖಾಲಿಯಾಗಲಿ.

ಹುಳು ಬಿದ್ದರೆ ವಿಷ ತರಬೇಡಿ

ಮನೆಯ ಟೊಮೆಟೊವಿನ ದೊಡ್ಡ ಲಾಭವೇ ವಿಷವಿಲ್ಲದ ಹಣ್ಣು. ಆದರೆ ಎಲೆ ಮುದುಡಿದ ಕೂಡಲೇ ಕಬ್ಬು, ಭತ್ತಕ್ಕೆ ತಂದು ಉಳಿದ ಕೀಟನಾಶಕವನ್ನು ತಂಪು ಪಾನೀಯದ ಬಾಟಲಿಗೆ ಸುರಿದುಕೊಂಡು ಮನೆಗೆ ತರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದನ್ನು ಶರಬತ್ತೆಂದು ಮಗು ಕುಡಿಯಲು ಒಂದು ಕ್ಷಣ ಸಾಕು. ಅಕಸ್ಮಾತ್ ಕುಡಿದರೆ ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ವಾಂತಿ, ಉಸಿರಾಟದ ತೊಂದರೆ ಕಾಣಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, 108ಕ್ಕೆ ಕರೆ ಮಾಡಿ. ವಿಷದ ಡಬ್ಬವನ್ನೂ ಜೊತೆಗೊಯ್ದು ತಕ್ಷಣ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಇದು ಯುನಾನಿ ಔಷಧಿಗೆ ಕಾಯುವ ಹೊತ್ತಲ್ಲ.

ಗಿಡಕ್ಕೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯಡಿ ಸಿಂಪಡಿಸಿದರೆ ಬಿಳಿ ನೊಣ, ಹೇನು ಹತೋಟಿಗೆ ಬರುತ್ತವೆ. ಹಳದಿ ಹಾಳೆಗೆ ಅಂಟು ಬಳಿದು ತೂಗುಹಾಕಿದರೂ ಬಿಳಿ ನೊಣ ಸಿಕ್ಕಿಬೀಳುತ್ತದೆ. ಎಲೆ ಪೂರ್ತಿ ಮುದುಡಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಿ. ಹೊಗೆಸೊಪ್ಪಿನ ಕಷಾಯವನ್ನು ಕೆಲವರು ಹೇಳುತ್ತಾರೆ, ಅದೂ ವಿಷವೇ. ಬೀಡಿ, ಗುಟ್ಕಾ ಮುಟ್ಟಿದ ಕೈಯಿಂದಲೂ ಟೊಮೆಟೊ ಗಿಡಕ್ಕೆ ವೈರಸ್ ರೋಗ ಅಂಟಬಹುದು.

ಗೊಬ್ಬರ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಕೈಯಲ್ಲಿ ಗಾಯವಿದ್ದರೆ ಮಣ್ಣಿನ ಕೆಲಸ ಬೇಡ. ಧನುರ್ವಾಯು ಚುಚ್ಚುಮದ್ದು ಕಾಲಕಾಲಕ್ಕೆ ಆಗಿರಲಿ. ಟೊಮೆಟೊ ಎಲೆ, ಕಾಂಡ ತಿನ್ನುವ ವಸ್ತುವಲ್ಲ ಎಂದು ಮಕ್ಕಳಿಗೆ ತಿಳಿಸಿ. ಅಂಗಡಿಯ ಟೊಮೆಟೊವನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಸಾಕು, ಸೋಪಿನ ಪುಡಿ ಬಳಸಬೇಡಿ.

ಹಣ್ಣಿಗಿಂತ ಹೆಚ್ಚಿನ ಲಾಭ

ಒಂದು ಗಿಡದಿಂದ ಒಂದೂವರೆ ಎರಡು ಕೆ.ಜಿ. ಹಣ್ಣು ನಿರೀಕ್ಷಿಸಬಹುದು. ಆರು ಕುಂಡಗಳಿಂದ ಮನೆಯ ಪೂರ್ತಿ ಖರ್ಚು ನೀಗುವುದಿಲ್ಲ. ಬಿರಿಯಾನಿಗೆ ಅಂಗಡಿಯಿಂದಲೇ ತರಬೇಕು. ಆದರೆ ದಿನದ ಸಾರಿಗೆ, ಮಕ್ಕಳ ತಟ್ಟೆಯ ಹಸಿ ಹೋಳಿಗೆ ಮನೆಯದೇ ಸಾಕಾಗುತ್ತದೆ.

ಆರೋಗ್ಯ ನಿಲ್ಲುವುದು ಆರು ಅಗತ್ಯಗಳ ಮೇಲೆ ಎನ್ನುತ್ತದೆ ಯುನಾನಿ: ಗಾಳಿ, ಅನ್ನಪಾನ, ದೇಹದ ಚಲನೆ–ವಿಶ್ರಾಂತಿ, ಮನಸ್ಸಿನ ಚಲನೆ–ವಿಶ್ರಾಂತಿ, ನಿದ್ದೆ–ಎಚ್ಚರ, ಹಾಗೂ ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೋಗಬೇಕಾದದ್ದು ಹೋಗುವುದು. ಇವನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತೇವೆ. ಮಂಡಿನೋವು, ನಿದ್ದೆಯಿಲ್ಲದಿರುವುದು, ಕಾರಣವಿಲ್ಲದ ಬೇಸರ ಎಂದು ಬರುವ ನಮ್ಮ ಅಮ್ಮಂದಿರು, ಅಕ್ಕಂದಿರು ಹೆಚ್ಚಾಗಿ ಇಡೀ ದಿನ ನಾಲ್ಕು ಗೋಡೆಯೊಳಗೇ ಇರುವವರು. ಫಜ್ರ್ ನಮಾಝಿನ ನಂತರ ಅರ್ಧ ಗಂಟೆ ತಾರಸಿಯ ಗಾಳಿ ಬಿಸಿಲಿನಲ್ಲಿ ಬಗ್ಗಿ ಎದ್ದು ಗಿಡ ನೋಡಿಕೊಂಡರೆ ಆ ಆರರಲ್ಲಿ ಮೂರು ನಾಲ್ಕು ತಾನಾಗಿಯೇ ಸರಿಹೋಗುತ್ತವೆ. ಅಜ್ಜಿಯೊಂದಿಗೆ ಮೊಮ್ಮಕ್ಕಳೂ ಮೊಬೈಲ್ ಬಿಟ್ಟು ಬರಲಿ.

ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ನೆಟ್ಟವರ ಪಾಲಿಗೆ ಸದಕಾ ಎಂಬ ಬೋಧನೆ ನಮಗೆಲ್ಲ ಗೊತ್ತು. ಪಕ್ಕದ ಮನೆಗೆ, ಅವರು ಯಾರೇ ಆಗಿರಲಿ, ಮೊದಲ ಕೊಯ್ಲಿನ ಎರಡು ಹಣ್ಣು ಕಳಿಸಿ ನೋಡಿ. ಈ ತಿಂಗಳು ಎರಡೇ ಕುಂಡದಿಂದ ಶುರುಮಾಡಿ. ಇನ್ಶಾ ಅಲ್ಲಾಹ್, ಮುಂದಿನ ಹಂಗಾಮಿಗೆ ಅವು ಆರಾಗಲಿ.