ಕಾನೂನು ಕೊಟ್ಟ ಒಂದು ಗಂಟೆ ಪೂರಿಗಾಲಿ ಹುಡುಗನ ಕೈಗೆ ಸಿಕ್ಕೀತೆ?

ಪೂರಿಗಾಲಿ: ಟಿಕೆಟ್ಟಿನ ಹಿಂದೆ ಕಂಡಕ್ಟರು ಐದು ರೂಪಾಯಿ ಅಂತ ಗೀಚಿಕೊಟ್ಟರೆ ಅದರ ಅರ್ಥ ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಗೊತ್ತು. ಇಳಿಯುವಾಗ ಕೇಳಬೇಕು. ಚಿಲ್ಲರೆ ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಗೊಣಗಿಕೊಂಡು ಇಳಿಯಬೇಕು. ಇದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ, ಆದರೂ ಎಲ್ಲರಿಗೂ ಬರುತ್ತದೆ. ಬರದೇ ಇರುವ ಕೆಲವು ಮಕ್ಕಳೂ ಇದ್ದಾರೆ. ಅವರಿಗೆ ಐದು ರೂಪಾಯಿ ಅಂದರೆ ಐದು ರೂಪಾಯಿಯೇ. ಕೈಗೆ ಬರುವ ತನಕ ಮೆಟ್ಟಿಲ ಮೇಲೆ ನಿಂತುಬಿಡುತ್ತಾರೆ. ಹಿಂದಿನವರು "ಇಳಿಯೋ ಮುಂದಕ್ಕೆ" ಅಂತ ತಳ್ಳುತ್ತಾರೆ. ಮೈ ಮುಟ್ಟಿದರೆ ಇವರಿಗೆ ಆಗದು. ಕಿವಿ ಮುಚ್ಚಿಕೊಂಡು ಕಿರುಚುವುದೂ ಉಂಟು. "ತಲೆ ನೆಟ್ಟಗಿಲ್ಲ ಕಣಯ್ಯಾ, ಬುಡು" ಅಂತ ಒಬ್ಬರು, "ಈ ವಯಸ್ಗೇ ಕುಡಿದವ್ನಾ?" ಅಂತ ಇನ್ನೊಬ್ಬರು.

ಪೂರಿಗಾಲಿಯಿಂದ ಮಳವಳ್ಳಿ ಕಾಲೇಜಿಗೆ ಹೋಗುವ ಇಂಥ ಹುಡುಗನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಇಂಥವರ ಮಗ, ಇಂಥ ಬೀದಿಯವನು ಎಂದು ಬೆರಳು ಮಾಡಿ ತೋರಿಸುವುದು ಬೇಡ. ಹಾಗೆ ತೋರಿಸುವ ಜನಕ್ಕೆ ಹೆದರಿಯೇ ಮಕ್ಕಳನ್ನು ಒಳಮನೆಯಲ್ಲಿ ಕೂರಿಸುವ ತಂದೆತಾಯಿ ಇದ್ದಾರೆ. ಈ ಹುಡುಗನಿಗೆ ಲೆಕ್ಕದಲ್ಲಿ ತೊಂಬತ್ತು ಬರಬಹುದು. ಇಪ್ಪತ್ತು ವರ್ಷದ ಹಿಂದಿನ ತಾರೀಖು ಹೇಳಿದರೆ ಯಾವ ವಾರ ಅಂತ ಥಟ್ಟನೆ ಹೇಳಬಹುದು. ಅದೇ ಹುಡುಗ ಕ್ಲಾಸಿನಲ್ಲಿ ಮೇಷ್ಟ್ರು "ಎಲ್ಲ ಬಂತೇನ್ರೋ?" ಅಂದರೆ ಏನು ಬರಬೇಕಾಗಿತ್ತು ಅಂತ ತಿರುಗಿ ಕೇಳಿ ಒದೆ ತಿನ್ನಬಹುದು.

ಇದಕ್ಕೆ ಆಟಿಸಂ ಅನ್ನುತ್ತಾರೆ. ಸರ್ಕಾರಿ ಕನ್ನಡದಲ್ಲಿ ಸ್ವಲೀನತೆ. ಹುಟ್ಟಿನಿಂದಲೇ ಮಿದುಳು ಬೆಳೆಯುವ ಬಗೆ ಬೇರೆ, ಅಷ್ಟೆ. ಗಾಳಿ ಸೋಕಿದ್ದಲ್ಲ, ತಾಯಿ ಮುದ್ದು ಮಾಡದೆ ಬಂದದ್ದಲ್ಲ. ಲಸಿಕೆಯಿಂದ ಬರುತ್ತದೆ ಅಂತ 1998ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯೊಂದರಲ್ಲಿ ಬಂದ ಬರಹವನ್ನು 2010ರಲ್ಲಿ ಆ ಪತ್ರಿಕೆಯೇ ವಾಪಸು ತೆಗೆದುಕೊಂಡಿತು. ಎಲ್ಲರಿಗೂ ಒಂದೇ ಅಳತೆಯೂ ಅಲ್ಲ. ಕೆಲವರಿಗೆ ಮಾತೇ ಬರುವುದಿಲ್ಲ, ಜೀವನಪೂರ್ತಿ ಜೊತೆಗೊಬ್ಬರು ಬೇಕು. ಕೆಲವರು ಡಿಗ್ರಿ ಮುಗಿಸುತ್ತಾರೆ. ಆದರೆ ಟ್ಯೂಬ್‌ಲೈಟಿನ ಗುಂಯ್ ಸದ್ದು, ಬಸ್ಸಿನ ಹಾರನ್ನು, ಹಬ್ಬದ ಪಟಾಕಿ ನಮ್ಮ ನಿಮ್ಮ ಕಿವಿಗೆ ಬೀಳುವ ಹಾಗೆ ಅವರ ಕಿವಿಗೆ ಬೀಳುವುದಿಲ್ಲ, ಮೊಳೆ ಹೊಡೆದ ಹಾಗೆ ಬೀಳುತ್ತದೆ. ಹೆಣ್ಣುಮಕ್ಕಳಲ್ಲಂತೂ ಇದು ಗೊತ್ತೇ ಆಗುವುದಿಲ್ಲ. "ನಾಚಿಕೆ ಸ್ವಭಾವ, ಒಳ್ಳೇದೇ ಆಯ್ತು ಬಿಡಿ" ಅಂತ ಸುಮ್ಮನಾಗುತ್ತಾರೆ.

ಏಳು ಹೋಗಿ ಇಪ್ಪತ್ತೊಂದು

1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆಯ ಅಂಗವಿಕಲತೆ. ಆಟಿಸಂ ಅದರಲ್ಲಿ ಇರಲಿಲ್ಲ. ಕಣ್ಣು ಕಾಣದವರಿಗೆ, ಕಾಲಿಲ್ಲದವರಿಗೆ ಸೀಟು ಕೇಳಲು ದಾರಿಯಿತ್ತು. ಈ ಹುಡುಗ ಬಂದರೆ ನೋಡೋಕೆ ಚೆನ್ನಾಗೇ ಇದ್ದೀಯಲ್ಲ ಅನ್ನಲು ಅಡ್ಡಿಯಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆಟಿಸಂ ಹೆಸರು ಬಂತು, ಆದರೆ ಅದು ಪೋಷಕತ್ವ, ಪಾಲನೆ ಕಡೆಗೆ ಹೆಚ್ಚು. ಕಾಲೇಜಿನ ಬಾಗಿಲು ತೆರೆದದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಏಳಿದ್ದದ್ದು ಇಪ್ಪತ್ತೊಂದಾಯಿತು, ಅದರಲ್ಲಿ ಆಟಿಸಂ ಒಂದು.

ಆ ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ನೂರಕ್ಕೆ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಶೇ. 40 ಅಥವಾ ಮೇಲ್ಪಟ್ಟ ಅಂಗವಿಕಲತೆ ಇರುವವರಿಗೆ. ವಯಸ್ಸಿನಲ್ಲಿ 5 ವರ್ಷ ಸಡಿಲ. ಪಾಠಕ್ರಮ, ಪರೀಕ್ಷೆಯಲ್ಲಿ ಹೊಂದಾಣಿಕೆ ಮಾಡಿಕೊಡಬೇಕು, ಹೆಚ್ಚುವರಿ ಸಮಯ, ಬರೆಯಲು ಬೇರೆಯವರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇತ್ಯಾದಿ ಎಂದು 17ನೇ ಕಲಮಿನಲ್ಲಿ ಬರೆದಿದೆ. ಎಷ್ಟು ಸಮಯ? ಅದಕ್ಕೂ ಲೆಕ್ಕ ಇದೆ. 2018ರ ಆಗಸ್ಟ್ 29ರ ಕೇಂದ್ರದ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಕೂಡದು ಅಂದಿತು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ.

ಈ ಒಂದು ಗಂಟೆ ಯಾರೂ ಕೊಡುವ ಭಿಕ್ಷೆಯಲ್ಲ. ಉತ್ತರ ಗೊತ್ತಿದ್ದೂ ಕೈ ಓಡದ, ಹಿಂದಿನ ಬೆಂಚಿನವನು ಪೆನ್ನು ಕುಟ್ಟುತ್ತಿದ್ದರೆ ಹತ್ತು ನಿಮಿಷ ಕಳೆದುಕೊಳ್ಳುವ ಹುಡುಗನಿಗೆ ಪಾಸು ಫೇಲಿನ ಅಂತರವೇ ಅದು. ಶೇ. 40 ಮುಟ್ಟದವರ ಗತಿ? ಬೆರಳು ಹಿಡಿದುಕೊಂಡು ಬರೆಯಲಾಗದ ವಿಕಾಸ್ ಕುಮಾರ್ ಎಂಬುವರು ಯುಪಿಎಸ್‌ಸಿ ಪರೀಕ್ಷೆಗೆ ಬರೆಯುವವರನ್ನು ಕೇಳಿ, ಸಿಗದೆ ಸುಪ್ರೀಂ ಕೋರ್ಟಿಗೆ ಹೋದರು. 2021ರ ಫೆಬ್ರವರಿ 11ರಂದು ತೀರ್ಪು ಬಂತು. ಶೇ. 40 ಎಂಬ ಗೆರೆ ಮೀಸಲಾತಿಗೆ ಸರಿ, ಅನುಕೂಲ ಮಾಡಿಕೊಡುವುದಕ್ಕೆ ಆ ಗೆರೆ ಅಡ್ಡ ತರಬಾರದು ಅಂತ. ಮುಂದಿನ ವರ್ಷ, 2022ರ ಆಗಸ್ಟಿನಲ್ಲಿ, ಅಂಥವರಿಗೂ ಮಾರ್ಗಸೂಚಿ ಹೊರಟಿತು.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಹನಿ ನೀರಾವರಿ ಯೋಜನೆಯ ದೆಸೆಯಿಂದ ಪೂರಿಗಾಲಿ ಹೆಸರು ಪೇಪರಿನಲ್ಲಿ ಬಂದಿದ್ದೂ ಬಂದಿದ್ದೇ. ಈ ಕಾಯ್ದೆಯ ನೀರು ಅಲ್ಲಿಯ ಎಷ್ಟು ಮನೆಗೆ ಹನಿಯಾಗಿಯಾದರೂ ಹರಿದಿದೆಯೋ!

ಚೀಟಿಯ ದಾರಿ

ಒಂದು ಗಂಟೆ ಸಿಗಬೇಕಾದರೆ ಕೇಳಬೇಕು. ಕೇಳಬೇಕಾದರೆ ಚೀಟಿ ಬೇಕು. ಚೀಟಿ ಬೇಕಾದರೆ ಹುಡುಗನಿಗೆ ಇರುವುದು ಇಂಥದ್ದು ಅಂತ ಯಾರಾದರೂ ಮೊದಲು ಹೇಳಿರಬೇಕು. ಕಥೆ ನಿಲ್ಲುವುದು ಅಲ್ಲಿಯೇ. ಚಿಕ್ಕಂದಿನಲ್ಲಿ ಮಾತು ತಡವಾದಾಗ "ಅವರಪ್ಪನೂ ಹಂಗೇ, ಐದು ವರ್ಸಕ್ಕೆ ಮಾತಾಡ್ದ" ಅಂತ ಅಜ್ಜಿ ಧೈರ್ಯ ಹೇಳಿರುತ್ತಾಳೆ. ಶಾಲೆಯಲ್ಲಿ ಮೊಂಡ ಅಂದಿರುತ್ತಾರೆ. ಎಸ್ಸೆಸ್ಸೆಲ್ಸಿ ಹೇಗೋ ಆಗಿರುತ್ತದೆ. ಪಿಯುಸಿಗೆ ಬಂದು ಹೊಸ ಕಟ್ಟಡ, ಹೊಸ ಮುಖ, ಗಂಟೆಗೊಬ್ಬ ಲೆಕ್ಚರರು ಆದಾಗ ಹುಡುಗ ಕುಸಿಯುತ್ತಾನೆ. ಕಾಲೇಜಿಗೆ ಹೋಗಲ್ಲ ಅನ್ನುತ್ತಾನೆ. ಹದಿನೇಳು ವರ್ಷಕ್ಕೆ ಮನೆ ಸೇರುತ್ತಾನೆ.

ಪರೀಕ್ಷಿಸಿ ಹೇಳುವವರು ದೂರವೇನಿಲ್ಲ. ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರು ಬಸ್ ಹತ್ತಿದರೆ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವುಡರಿಗೆ ಮಾತ್ರ ಅಂತ ತಿಳಿದವರೇ ಹೆಚ್ಚು, ಆಟಿಸಂ ಮಕ್ಕಳನ್ನೂ ಅಲ್ಲಿ ನೋಡುತ್ತಾರೆ. ಬೆಂಗಳೂರಿಗೆ ಹೋದರೆ ನಿಮ್ಹಾನ್ಸ್. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ, ಆನ್‌ಲೈನಿನಲ್ಲಿ ಅರ್ಜಿ ಹಾಕಿ ಸರ್ಕಾರಿ ಆಸ್ಪತ್ರೆಯ ವೈದ್ಯರ ಮುಂದೆ ಹಾಜರಾಗಬೇಕು. ಆಟಿಸಂ ಅಳೆಯಲು ನಮ್ಮ ದೇಶದಲ್ಲೇ ತಯಾರಾದ 40 ಅಂಶಗಳ ಮಾಪಕವೊಂದು ಇದೆ. ಕಣ್ಣು ಕೊಟ್ಟು ನೋಡುತ್ತಾನೆಯೇ, ಹೇಳಿದ್ದನ್ನೇ ಹೇಳುತ್ತಾನೆಯೇ, ಹೀಗೆ ಒಂದೊಂದಕ್ಕೂ ಅಂಕ. ಅವಸರದಲ್ಲಿ ಐದು ನಿಮಿಷಕ್ಕೆ ಮುಗಿಯುವ ಕೆಲಸವಲ್ಲ.

ಓಡಾಟದಲ್ಲಿ ಕೂಲಿ ಹೋಗುತ್ತದೆ. ಕಚೇರಿಗಳಲ್ಲಿ "ನಾಳೆ ಬಾ" ಅಂದರೆ ಸದ್ಯ ಬರಬೇಡ ಅಂತ ಅರ್ಥ. ಈ ಹುಡುಗನಾದರೆ ನಾಳೆ ಹತ್ತು ಗಂಟೆಗೆ ಸರಿಯಾಗಿ ಬಂದು ನಿಲ್ಲುತ್ತಾನೆ. ಯಾರು ಸರಿ, ಯಾರಿಗೆ ಚಿಕಿತ್ಸೆ ಬೇಕು ಎಂಬುದು ಓದುಗರಿಗೆ ಬಿಟ್ಟದ್ದು.

ಇನ್ನೊಂದು ಗುಟ್ಟಿನ ತೊಡಕಿದೆ. ಕಾರ್ಡು ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಅವನ ತಂಗಿಗೆ ಗಂಡು ಬರೋದು ಹೇಗೆ ಅಂತ ಹೆದರುವ ತಾಯಂದಿರಿದ್ದಾರೆ. ಆ ಹೆದರಿಕೆ ಸುಳ್ಳಲ್ಲ, ಊರು ಹಾಗೆಯೇ ಇದೆ. ಆದರೆ ಕಾರ್ಡು ಇಲ್ಲದೆ ಇದ್ದರೆ ಊರಿಗೆ ಗೊತ್ತಾಗುವುದಿಲ್ಲವೇ? ಬಸ್ ಮೆಟ್ಟಿಲ ಮೇಲೆ ದಿನಾ ಗೊತ್ತಾಗುತ್ತಲೇ ಇದೆಯಲ್ಲ.

ಜೋಳದ ಸಾಲು ಎಣಿಸಿದ ಹುಡುಗ

ಆಟಿಸಂ ಎಂದು ವೈದ್ಯರ ಬರಹದಲ್ಲಿ ಮೊಟ್ಟಮೊದಲ ನಂಬರು ಪಡೆದ ಹುಡುಗ ಕಾಲೇಜು ಮುಗಿಸಿದವನು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. 1933ರಲ್ಲಿ ಹುಟ್ಟಿದವನು. ಡಾಕ್ಟರ ಮಾತು ಕೇಳಿ ತಂದೆತಾಯಿ ಮೂರನೇ ವಯಸ್ಸಿಗೇ ದೂರದ ಸಂಸ್ಥೆಗೆ ಬಿಟ್ಟರು, ಮನಸ್ಸು ತಡೆಯದೆ ಒಂದು ವರ್ಷಕ್ಕೆ ವಾಪಸು ಕರೆತಂದರು. ಲಿಯೊ ಕ್ಯಾನರ್ ಎಂಬ ವೈದ್ಯ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದಾಗ ಮೊದಲನೆಯವನು ಇವನೇ.

ಕೆಲವು ವರ್ಷ ಡೊನಾಲ್ಡನನ್ನು ಒಬ್ಬ ರೈತ ದಂಪತಿಯ ಮನೆಯಲ್ಲಿ ಇರಿಸಿದ್ದರು. ಹುಡುಗನಿಗೆ ಎಣಿಸುವ ಹುಚ್ಚು. ಹೊಲದ ಜೋಳದ ಸಾಲು ಎಣಿಸಿದ್ದೇ ಎಣಿಸಿದ್ದು. ಆ ರೈತ ಬೈಯಲಿಲ್ಲ, ಕಟ್ಟಿಹಾಕಲಿಲ್ಲ. ನೇಗಿಲು ಕೈಗೆ ಕೊಟ್ಟು, ಉಳುತ್ತಾ ಎಣಿಸು ಅಂದ. ಅಳತೆ ಮಾಡುವ ಚಟಕ್ಕೆ ಬಾವಿ ತೋಡಿಸಿ ಎಷ್ಟು ಆಳವಾಯ್ತು ಹೇಳು ಅಂದ. ಕಾಯ್ದೆಯಲ್ಲಿ ಸೂಕ್ತ ಹೊಂದಾಣಿಕೆ ಅಂತ ಗಟ್ಟಿ ಹೆಸರಿಟ್ಟಿರುವುದು ಇದಕ್ಕೇನೆ. ಆ ರೈತನಿಗೆ ಯಾವ ಕಾಯ್ದೆಯೂ ಗೊತ್ತಿರಲಿಲ್ಲ.

ಡೊನಾಲ್ಡ್ 1958ರಲ್ಲಿ ಮಿಲ್‌ಸ್ಯಾಪ್ಸ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದ. ಕಾರು ಓಡಿಸಿದ, ಗಾಲ್ಫ್ ಆಡಿದ, ದೇಶ ಸುತ್ತಿದ. 2023ರ ಜೂನ್‌ನಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಬ್ಯಾಂಕು ತಾಯಿಯ ಮನೆಯವರದ್ದು, ದುಡ್ಡಿಗೆ ಬರವಿರಲಿಲ್ಲ, ಅದನ್ನು ಮರೆಯುವ ಹಾಗಿಲ್ಲ. ಪೂರಿಗಾಲಿಯ ಹುಡುಗನಿಗೆ ತಾತನ ಬ್ಯಾಂಕಿಲ್ಲ. ಆದರೆ ಉಳುತ್ತಾ ಎಣಿಸು ಅಂದ ರೈತನಿಗೆ ಖರ್ಚಾದದ್ದು ಎಷ್ಟು?

ಕಾಲೇಜಿನಲ್ಲಿ ಬೇಕಾದದ್ದೂ ಅದೇ ಜಾತಿಯದ್ದು. ದಿನಾ ಒಂದೇ ಜಾಗ, ಗೋಡೆ ಪಕ್ಕ, ಫ್ಯಾನಿನ ಕಟಕಟ ಇಲ್ಲದ ಕಡೆ. ಟೈಂಟೇಬಲ್ ಬದಲಾದರೆ ಹಿಂದಿನ ದಿನವೇ ತಿಳಿಸುವುದು. ಬಾಯಲ್ಲಿ ಹೇಳಿದ್ದನ್ನು ಬೋರ್ಡಿನ ಮೇಲೂ ಬರೆಯುವುದು, ಇದರಿಂದ ಉಳಿದ ಹುಡುಗರಿಗೂ ನಷ್ಟವಿಲ್ಲ. ಗದ್ದಲ ಹೆಚ್ಚಾದಾಗ ಕೇಳದೆ ಹೊರಗೆ ಹೋಗಿ ಹತ್ತು ನಿಮಿಷ ಕೂರಲು ಅಪ್ಪಣೆ. ಕಿವಿಗೆ ಹೆಡ್‌ಫೋನ್ ಹಾಕಿದರೆ ಹಾಡು ಕೇಳ್ತಾನೆ ಅಂತ ಕಿತ್ತುಕೊಳ್ಳದೆ ಇರುವುದು. ಏನೇ ಆದರೂ ಹೋಗಿ ಹೇಳಿಕೊಳ್ಳಲು ಒಬ್ಬರೇ ಒಬ್ಬ ಗೊತ್ತಾದ ಲೆಕ್ಚರರು. ಇವುಗಳಿಗೆ ಗ್ರಾಂಟು ಬರುವ ತನಕ ಕಾಯಬೇಕಿಲ್ಲ.

ಬಸ್ಸಿನವರಿಗೂ, ಅಂಗಡಿಯವರಿಗೂ ಇದರಲ್ಲಿ ಪಾಲಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಬಸ್ಸಿನ ರಶ್ಶು ಗೊತ್ತೇ ಇದೆ. ಹೆಣ್ಣುಮಕ್ಕಳಿಗೆ ಅನುಕೂಲವಾಯಿತು, ಅದು ಆಗಬೇಕಾದದ್ದೇ. ಆ ರಶ್ಶಿನಲ್ಲಿ ಕಿಟಕಿ ಪಕ್ಕ ಒಂದು ಸೀಟು ಬಿಟ್ಟುಕೊಟ್ಟರೆ ಹುಡುಗ ಮಳವಳ್ಳಿಗೆ ಬರುವಾಗ ಪಾಠ ಕೇಳುವಷ್ಟು ಶಕ್ತಿ ಉಳಿಸಿಕೊಂಡಿರುತ್ತಾನೆ. ಅಂಗವಿಕಲರ ರಿಯಾಯಿತಿ ಪಾಸಿನಲ್ಲಿ ಊರಿನಿಂದ 100 ಕಿ.ಮೀ. ಒಳಗೆ ಓಡಾಡಬಹುದು. ಪಾಸಿದ್ದರೆ ಚಿಲ್ಲರೆ ಜಗಳವೂ ಇಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಬಾಯಿ ತೆರೆಯದೆ ಕಾಗದ ಮುಂದೆ ಹಿಡಿದು ನಿಂತವನನ್ನು ಮೂಗ ಅಂತ ಗದರಿಸುವ ಬದಲು ಎಷ್ಟು ಕಾಪಿ ಅಂತ ಬರೆದು ತೋರಿಸಿ ಕೇಳಿದರೆ ಸಾಕು. ಲೆಕ್ಕದ ಪುಸ್ತಕ ಬರೆಯಲು ಜನ ಸಿಗುವುದಿಲ್ಲ ಎಂದು ಗೊಣಗುವ ಮಂಡಿಯವರು ಅವನ ಅಂಕೆಗಳನ್ನು ಒಮ್ಮೆ ನೋಡಬಹುದು. ಸರ್ಕಾರಿ ನೌಕರಿಯಲ್ಲಂತೂ 2016ರ ಕಾಯ್ದೆ ಶೇ. 4ರ ಮೀಸಲಾತಿಯಲ್ಲಿ ಆಟಿಸಂನವರ ಗುಂಪಿಗೂ ಪಾಲಿಟ್ಟಿದೆ.

ಮಗ ಈಗ ಹತ್ತನೇ ಕ್ಲಾಸಿನಲ್ಲೋ ಪಿಯುಸಿಯಲ್ಲೋ ಇದ್ದರೆ ಮನೆಯವರು ಪರೀಕ್ಷೆ ಹತ್ತಿರ ಬರುವ ತನಕ ಕೂರಬಾರದು. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಹಿಡಿಯಬೇಕು, ಅವರು ಸಿಗದಿದ್ದರೆ ಮಳವಳ್ಳಿ ತಾಲ್ಲೂಕು ಪಂಚಾಯ್ತಿಯಲ್ಲಿರುವವರನ್ನು, ಆಮೇಲೆ ಮಂಡ್ಯದ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯನ್ನು. ಬರೆಯುವವರನ್ನು ಕೊಡುವ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ, ಜೊತೆಗೆ ಆಸ್ಪತ್ರೆಯ ಬೇರೆ ಸರ್ಟಿಫಿಕೇಟೂ ಕೇಳಬಹುದು. ಆದ್ದರಿಂದ ಪರೀಕ್ಷೆ ಅರ್ಜಿ ತುಂಬುವಾಗಲೇ ಕಾಲೇಜಿನಲ್ಲಿ ವಿಚಾರಿಸಿ, ಹೆಚ್ಚುವರಿ ಸಮಯಕ್ಕೆ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೊಟ್ಟು, ನಕಲಿನ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಳ್ಳಬೇಕು. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್. ಅದಕ್ಕೂ ಜಗ್ಗದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿದ್ದಾರೆ, ಅದೇ ನಕಲು ಅಲ್ಲಿಗೆ ದೂರಿನ ಜೊತೆ ಹೋಗುತ್ತದೆ.