ಅರಿಶಿನ ಕೆಂಪಾದಾಗ ಕೇಳಬೇಕಾದ ಪ್ರಶ್ನೆ

ಮಂಜುಗಡ್ಡೆ ಕರಗಿ ನೀರಾಗುತ್ತದೆ, ನೀರು ಮತ್ತೆ ಮಂಜುಗಡ್ಡೆಯಾಗುತ್ತದೆ. ಹಾಗಾಗಿ ಅದು ಭೌತ ಬದಲಾವಣೆ. ಸುಟ್ಟ ಕಾಗದ ಮತ್ತೆ ಕಾಗದವಾಗದು. ಹಾಗಾಗಿ ಅದು ರಾಸಾಯನಿಕ ಬದಲಾವಣೆ. ಮಕ್ಕಳು ಬಾಯಿಪಾಠ ಮಾಡುವ ಈ ಸೂತ್ರ ಪರೀಕ್ಷೆ ದಾಟಲು ಸಾಕಾದೀತು, ವಿಜ್ಞಾನಕ್ಕೆ ಸಾಲದು. ರಾಗಿ ಬೀಸಿದ ಮೇಲೆ ಹಿಟ್ಟನ್ನು ಮತ್ತೆ ಕಾಳಾಗಿಸಲು ಯಾರಿಂದಲೂ ಆಗದು. ಆದರೂ ಬೀಸುವುದು ಭೌತ ಬದಲಾವಣೆಯೇ. ಕಾಳಿನಲ್ಲಿ ಇದ್ದದ್ದೇ ಹಿಟ್ಟಿನಲ್ಲೂ ಇದೆ, ಗಾತ್ರ ಮಾತ್ರ ಬೇರೆ.

ಸೂತ್ರವನ್ನು ಇನ್ನೊಂದು ಕಡೆಯಿಂದ ಮುರಿಯುವ ಉದಾಹರಣೆ ನಮ್ಮ ಆರತಿ ತಟ್ಟೆಯಲ್ಲೇ ಇದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಹಳದಿ ಹೋಗಿ ಕಡುಗೆಂಪು ಬರುತ್ತದೆ. ಅರಿಶಿನದೊಳಗಿನ ಕರ್ಕ್ಯುಮಿನ್ ಎಂಬ ವಸ್ತು ಸುಣ್ಣದ ಕ್ಷಾರದೊಡನೆ ವರ್ತಿಸಿ ತನ್ನ ಅಣುವಿನ ರಚನೆಯನ್ನೇ ಬದಲಿಸಿಕೊಂಡದ್ದರ ಫಲ ಇದು, ರಾಸಾಯನಿಕ ಬದಲಾವಣೆ. ಈಗ ಅದಕ್ಕೆ ನಿಂಬೆಹಣ್ಣು ಹಿಂಡಿ. ಹಳದಿ ವಾಪಸು! ಹಿಂದಕ್ಕೆ ಬಂತೆಂದು ಇದನ್ನು ಭೌತ ಬದಲಾವಣೆ ಎನ್ನಲಾಗದು. ಕೇಳಬೇಕಾದ ಪ್ರಶ್ನೆ ‘ಮತ್ತೆ ಮೊದಲಿನಂತಾಗುತ್ತದೆಯೇ?’ ಎಂಬುದಲ್ಲ, ‘ಹೊಸ ವಸ್ತು ಹುಟ್ಟಿತೇ?’ ಎಂಬುದು.

ಆ ಸುಣ್ಣದ ಕಥೆಯೇ ಒಂದು ಪೂರ್ತಿ ಪಾಠ. ಸುಣ್ಣದಕಲ್ಲನ್ನು ಒಡೆದು ಚೂರು ಮಾಡಿದರೆ ಅದು ಇನ್ನೂ ಸುಣ್ಣದಕಲ್ಲೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕರಾವಳಿಯವರು ಸುಡುವ ಚಿಪ್ಪಿನಲ್ಲಿರುವುದೂ ಮುಖ್ಯವಾಗಿ ಅದೇ. ಭಟ್ಟಿಯ ಬೆಂಕಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕಲ್ಲಿನೊಳಗಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. 100 ಕೆ.ಜಿ. ಶುದ್ಧ ಕಲ್ಲು ಹಾಕಿದರೆ ಉಳಿಯುವ ಸುಟ್ಟ ಸುಣ್ಣ 56 ಕೆ.ಜಿ. ಮಾತ್ರ, ಮಿಕ್ಕ 44 ಕೆ.ಜಿ. ಗಾಳಿಯ ಪಾಲು. ಹೀಗೆ ಕಲ್ಲು ಕಳೆದುಕೊಂಡ ತೂಕ ಅದರಿಂದ ಹೊರಬಿದ್ದ ಗಾಳಿಯದೇ ಎಂದು ಪ್ರಯೋಗ ಮಾಡಿ ತೋರಿಸಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1756ರಲ್ಲಿ ಅವರ ಪ್ರಯೋಗಗಳು ಪ್ರಕಟವಾದವು. ರಸಾಯನಶಾಸ್ತ್ರ ತಕ್ಕಡಿಯನ್ನು ನಂಬತೊಡಗಿದ್ದು ಇಂಥ ಕೆಲಸಗಳಿಂದ.

ಸುಟ್ಟ ಸುಣ್ಣಕ್ಕೆ ನೀರು ಹಾಕುವುದನ್ನು ಒಮ್ಮೆ ದೂರ ನಿಂತು ನೋಡಬೇಕು. ಮೊದಲು ಚುರ್ರೆನ್ನುತ್ತದೆ. ಗಟ್ಟಿಗಳು ಬಿರುಕು ಬಿಡುತ್ತವೆ, ಉಬ್ಬುತ್ತವೆ, ಒಲೆಯೇ ಇಲ್ಲದೆ ಕೊತಕೊತ ಕುದಿದು ಹಬೆ ಏಳುತ್ತದೆ. ಕೊನೆಗೆ ಎಲ್ಲವೂ ಬಿಳಿ ಹಿಟ್ಟಾಗಿ ಉದುರುತ್ತದೆ. ಇದು ಅರಳಿದ ಸುಣ್ಣ, ಮತ್ತೊಂದು ಹೊಸ ವಸ್ತು. ಗೋಡೆಗೆ ಬಳಿದಾಗ ಅದರ ನೀರು ಆವಿಯಾಗುವುದು ಭೌತ ಬದಲಾವಣೆ. ಆಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದು ರಾಸಾಯನಿಕ. ಹಳೇ ಮನೆಗಳ ದಪ್ಪ ಗಾರೆ ಹೀಗೆ ಗಟ್ಟಿಯಾಗಲು ವರ್ಷಗಳೇ ಹಿಡಿಯುತ್ತವೆ. ಭಟ್ಟಿಗೆ ಹೋದ ಕಲ್ಲು ಗೋಡೆಯ ಮೇಲೆ ಮತ್ತೆ ಕಲ್ಲಾಯಿತು. ಹಿಂದಕ್ಕೆ ಮರಳಿದ್ದೇನೋ ನಿಜ, ಆದರೆ ಇಡೀ ದಾರಿಯಲ್ಲಿ ನಡೆದದ್ದು ರಾಸಾಯನಿಕ ಬದಲಾವಣೆಗಳ ಸಾಲು.

ಈ ಕೊನೆಯ ಹಂತವನ್ನು ತರಗತಿಯಲ್ಲೇ ನಿಮಿಷಗಳಲ್ಲಿ ತೋರಿಸಬಹುದು. ಸುಣ್ಣ ಕದಡಿದ ನೀರನ್ನು ರಾತ್ರಿಯಿಡೀ ಮುಚ್ಚಿಟ್ಟು, ಮೇಲಿನ ತಿಳಿಯನ್ನಷ್ಟೇ ಲೋಟಕ್ಕೆ ಬಗ್ಗಿಸಿ, ಕೊಳವೆಯಿಂದ ಊದಿದರೆ ತಿಳಿನೀರು ಹಾಲಿನಂತಾಗುತ್ತದೆ. ನಮ್ಮ ಉಸಿರೇ ಅಲ್ಲಿ ಸುಣ್ಣದಕಲ್ಲಿನ ನುಣ್ಣನೆಯ ಕಣಗಳನ್ನು ಹುಟ್ಟಿಸಿರುತ್ತದೆ.

ಶಿಕ್ಷಕರಲ್ಲಿ, ಹೆತ್ತವರಲ್ಲಿ ಒಂದು ವಿನಂತಿ. ಸುಣ್ಣ ಕದಡುವ ಕೆಲಸ ದೊಡ್ಡವರದೇ ಆಗಿರಲಿ; ಸುಟ್ಟ ಸುಣ್ಣವಂತೂ ಮಕ್ಕಳ ಕೈಗೆ ಸಿಗಲೇಕೂಡದು. ಎಲೆಯಡಿಕೆ ಸುಣ್ಣದ ಪ್ಯಾಕೆಟ್ ಹಿಸುಕಿ, ಅದು ಕಣ್ಣಿಗೆ ಸಿಡಿದು ದೃಷ್ಟಿ ಕಳೆದುಕೊಂಡ ಮಕ್ಕಳಿದ್ದಾರೆ. ಕೊಳವೆಯಲ್ಲಿ ಊದಬೇಕೇ ಹೊರತು ಹೀರಬಾರದು ಎಂದು ಮೊದಲೇ ಹೇಳಿಕೊಡಿ. ಅಕಸ್ಮಾತ್ ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಆ ಕ್ಷಣವೇ ಧಾರಾಳವಾಗಿ ಶುದ್ಧ ನೀರು ಹರಿಸಿ ತೊಳೆದು, ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ.