ಬಣ್ಣದ ಮೇಲೆ ಬಣ್ಣ ಕೂರಬೇಕಾದರೆ

ನಿಮ್ಮ ಮನೆಯಲ್ಲಿ ಬಹುಬಣ್ಣದ ಚಿತ್ರವಿರುವ ಟೀ ಶರ್ಟ್ ಒಂದು ಇರಬಹುದು. ಅದನ್ನು ಬೆಳಕಿಗೆ ಹಿಡಿದು ಚಿತ್ರದ ಅಂಚುಗಳನ್ನು ಭೂತಗನ್ನಡಿಯಿಂದ ನೋಡಿ. ಕೆಂಪು ಹೂವಿಗೂ ಅದರ ಸುತ್ತಲಿನ ಕಪ್ಪು ರೇಖೆಗೂ ನಡುವೆ ಕೂದಲೆಳೆಯಷ್ಟು ಬಟ್ಟೆ ಇಣುಕುತ್ತಿದೆಯೇ? ಎದುರು ಬದಿಯಲ್ಲಿ ಕೆಂಪು ಬಣ್ಣ ರೇಖೆಯನ್ನು ದಾಟಿ ಹೊರಬಂದಿದೆಯೇ? ಹಾಗಿದ್ದರೆ ಆ ಎರಡು ಬಣ್ಣಗಳು ತಮ್ಮ ತಮ್ಮ ಜಾಗದಲ್ಲಿ ಕೂತಿಲ್ಲ. ಮುದ್ರಣಾಲಯದವರು ಇದನ್ನು ‘ರಿಜಿಸ್ಟರ್ ಕೂತಿಲ್ಲ’ ಎನ್ನುತ್ತಾರೆ.

ಕಾಗದದ ಮೇಲಾದರೆ ಕೆಟ್ಟ ಹಾಳೆಯನ್ನು ಎಸೆದು ಇನ್ನೊಂದನ್ನು ತೆಗೆದುಕೊಳ್ಳಬಹುದು. ಬಟ್ಟೆಯ ಮೇಲೆ ಹಾಗಲ್ಲ. ಎಷ್ಟೋ ಸಣ್ಣ ಘಟಕಗಳಿಗೆ ಗಿರಾಕಿಗಳೇ ಶರ್ಟುಗಳನ್ನು ತಂದುಕೊಡುತ್ತಾರೆ. ನಾಲ್ಕನೆಯ ಬಣ್ಣ ಅರ್ಧ ಮಿಲಿಮೀಟರ್ ಸರಿದರೆ ಮೊದಲ ಮೂರು ಬಣ್ಣಗಳ ಶ್ರಮವೂ ಹೋಯಿತು, ಶರ್ಟಿನ ಬೆಲೆಯೂ ಹೋಯಿತು. ಆದ್ದರಿಂದ ರಿಜಿಸ್ಟರ್ ಎನ್ನುವುದು ಕೇವಲ ಅಂದದ ಪ್ರಶ್ನೆಯಲ್ಲ. ಸಣ್ಣ ಮುದ್ರಕನಿಗೆ ಅದು ಲಾಭ ನಷ್ಟದ ಪ್ರಶ್ನೆ. ಅದನ್ನು ನಿಖರವಾಗಿ ಪಡೆಯುವ ಬಗೆ ಹೇಗೆ, ಅದರ ಹಿಂದಿನ ತತ್ವವೇನು ಎಂಬುದನ್ನು ಇಲ್ಲಿ ನೋಡೋಣ.

ತಿರುಗುವ ಯಂತ್ರ

ಸ್ಕ್ರೀನ್ ಮುದ್ರಣದ ಮೂಲತತ್ವ ಸರಳ. ಒಂದು ಚೌಕಟ್ಟಿಗೆ ಪಾಲಿಎಸ್ಟರ್ ದಾರದ ಸೂಕ್ಷ್ಮ ಬಲೆಯನ್ನು ಬಿಗಿದಿರುತ್ತಾರೆ. ಅದರ ಮೇಲೆ ಬೆಳಕಿಗೆ ಗಟ್ಟಿಯಾಗುವ ಇಮಲ್ಷನ್ ಹಚ್ಚಿ, ಚಿತ್ರದ ಫಿಲ್ಮ್ ಇಟ್ಟು ಬೆಳಕಿಗೆ ಒಡ್ಡುತ್ತಾರೆ. ಫಿಲ್ಮಿನ ಕಪ್ಪು ಭಾಗದಡಿಯ ಇಮಲ್ಷನ್ ಗಟ್ಟಿಯಾಗದೆ ನೀರಿನಲ್ಲಿ ತೊಳೆದುಹೋಗುತ್ತದೆ. ಹೀಗೆ ತೆರೆದ ಜಾಗದಿಂದ ಶಾಯಿಯು ಸ್ಕ್ವೀಜಿಯ ಒತ್ತಡಕ್ಕೆ ಬಲೆಯನ್ನು ದಾಟಿ ಬಟ್ಟೆಗೆ ಇಳಿಯುತ್ತದೆ. ಒಂದು ಸ್ಕ್ರೀನಿಗೆ ಒಂದೇ ಬಣ್ಣ. ನಾಲ್ಕು ಬಣ್ಣಕ್ಕೆ ನಾಲ್ಕು ಸ್ಕ್ರೀನುಗಳು ಬೇಕು.

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆ ಬಟ್ಟೆಯ ಸ್ಕ್ರೀನಿಗೆ ಪೇಟೆಂಟ್ ಪಡೆದರು. ಬಟ್ಟೆಗೆ ಹಲವು ಬಣ್ಣ ಮುದ್ರಿಸುವ ತಿರುಗುಯಂತ್ರಕ್ಕೆ ಅಮೆರಿಕದ ಮೈಕೆಲ್ ವಾಸಿಲಾಂಟೋನ್ ಅವರಿಗೆ 1969ರಲ್ಲಿ ಪೇಟೆಂಟ್ ದೊರೆಯಿತು. ಇಂದಿಗೂ ಬಳಕೆಯಲ್ಲಿರುವ ಯಂತ್ರದ ರೂಪ ಅದೇ: ನಡುವೆ ಒಂದು ಕಂಬ, ಮೇಲೆ ಸ್ಕ್ರೀನುಗಳನ್ನು ಹಿಡಿದ ತೋಳುಗಳು, ಕೆಳಗೆ ಶರ್ಟನ್ನು ಹಾಸುವ ಹಲಗೆಗಳು. ಮುದ್ರಕರು ಈ ಹಲಗೆಯನ್ನು ‘ಪ್ಯಾಲೆಟ್’ ಎನ್ನುತ್ತಾರೆ. ಶರ್ಟು ತನ್ನ ಹಲಗೆಯ ಮೇಲೆಯೇ ಇರುತ್ತದೆ. ಸ್ಕ್ರೀನುಗಳು ಒಂದಾದ ಮೇಲೊಂದು ಅದರ ಮೇಲೆ ಬಂದಿಳಿಯುತ್ತವೆ.

ತಪ್ಪುವುದು ಎಷ್ಟು ಬಗೆಯಲ್ಲಿ?

ಮೇಜಿನ ಮೇಲೆ ಒಂದು ಪುಸ್ತಕವಿಟ್ಟು ಸರಿಸಿ ನೋಡಿ. ಅದು ಎಡಬಲಕ್ಕೆ ಸರಿಯಬಹುದು, ಹಿಂದೆ ಮುಂದೆ ಸರಿಯಬಹುದು, ಇದ್ದಲ್ಲೇ ತಿರುಗಬಹುದು. ಸಮತಲದಲ್ಲಿ ಇದಕ್ಕಿಂತ ಬೇರೆ ಚಲನೆ ಇಲ್ಲ. ಸ್ಕ್ರೀನು ತನ್ನ ಸ್ಥಾನ ತಪ್ಪುವುದೂ ಈ ಮೂರೇ ಬಗೆಯಲ್ಲಿ.

ಮೂರರಲ್ಲಿ ಮೋಸದ್ದು ತಿರುಗುವಿಕೆ. ನಡುವೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಅಂಚಿನಲ್ಲಿ ಕೈಕೊಡುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜಗಳು ತಯಾರಾಗುವುದು ನಿಮಗೆ ಗೊತ್ತಿರಬಹುದು. ಅಶೋಕ ಚಕ್ರವನ್ನು ಸ್ಕ್ರೀನ್ ಮುದ್ರಣದಲ್ಲಿ ಮೂಡಿಸುವುದು ಮೇಲು, ಅದು ಧ್ವಜದ ಎರಡೂ ಬದಿಗಳಲ್ಲಿ ಪೂರ್ಣವಾಗಿ ಕಾಣಬೇಕು ಎನ್ನುತ್ತದೆ 2002ರ ಭಾರತದ ಧ್ವಜ ಸಂಹಿತೆ. ಎರಡು ಬದಿಗೂ ಮುದ್ರಿಸುವಾಗ ಹಿಂದಿನ ಚಕ್ರ ಮುಂದಿನದರ ಬೆನ್ನಿಗೇ ಬರಬೇಕಲ್ಲವೇ? 900 ಮಿ.ಮೀ. ಉದ್ದ, 600 ಮಿ.ಮೀ. ಅಗಲದ ಧ್ವಜದಲ್ಲಿ ಚಕ್ರದ ವ್ಯಾಸ 185 ಮಿ.ಮೀ. ಎರಡು ಚಕ್ರಗಳ ಕೇಂದ್ರಗಳು ಕರಾರುವಾಕ್ಕಾಗಿ ಒಂದಾಗಿದ್ದರೂ, ಒಂದು ಕೇವಲ 1 ಡಿಗ್ರಿ ತಿರುಗಿದ್ದರೆ ಅಂಚಿನಲ್ಲಿ ಅರಗಳು ಸುಮಾರು 1.6 ಮಿ.ಮೀ. ಸರಿದಿರುತ್ತವೆ. ಬೆಳಕಿಗೆ ಹಿಡಿದರೆ 24 ಅರಗಳೂ ಜೋಡಿಯಾಗಿ ಕಾಣುತ್ತವೆ. ಟೀ ಶರ್ಟಿನ ಬಣ್ಣಗಳ ಮಾತೂ ಇದೇ.

ಈ ಮೂರಲ್ಲದೆ ನಾಲ್ಕನೆಯದೊಂದಿದೆ: ಗಾತ್ರದ ದೋಷ. ಒಂದು ಬಣ್ಣದ ಚಿತ್ರ ಇನ್ನೊಂದಕ್ಕಿಂತ ಕೊಂಚ ಹಿಗ್ಗಿರುತ್ತದೆ. ಆಗ ಮೇಲಿನ ಗುರುತು ಕೂಡಿಸಿದರೆ ಕೆಳಗಿನದು ತಪ್ಪುತ್ತದೆ, ಕೆಳಗಿನದು ಕೂಡಿಸಿದರೆ ಮೇಲಿನದು ತಪ್ಪುತ್ತದೆ. ಯಾವ ತಿರುಪನ್ನು ತಿರುಗಿಸಿದರೂ ಇದು ಸರಿಹೋಗದು.

ಸ್ಥಿರ ದೋಷ, ಅಸ್ಥಿರ ದೋಷ

ಯಂತ್ರದ ತಿರುಪುಗಳಿಗೆ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದೇ ಹಲಗೆಯ ಮೇಲೆ ಎರಡು ಬಣ್ಣಗಳನ್ನು ಐದು ಹಳೆಯ ಬಟ್ಟೆಗಳಿಗೆ ಮುದ್ರಿಸಿ, ಸಾಲಾಗಿ ಇಟ್ಟು ನೋಡಿ. ಐದರಲ್ಲೂ ಬಣ್ಣ ಒಂದೇ ದಿಕ್ಕಿಗೆ, ಒಂದೇ ಅಳತೆಯಷ್ಟು ಸರಿದಿದ್ದರೆ ಅದು ಸ್ಥಿರ ದೋಷ. ಅದಕ್ಕೆ ಮದ್ದು ಸುಲಭ; ಅಷ್ಟೇ ಅಳತೆಯನ್ನು ತಿರುಪಿನಿಂದ ಹಿಂದಕ್ಕೆ ತಂದರಾಯಿತು. ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ, ಮತ್ತೊಂದರಲ್ಲಿ ಸರಿಯಾಗಿಯೇ ಬಂದಿದ್ದರೆ ಅದು ಅಸ್ಥಿರ ದೋಷ. ಇಲ್ಲಿ ತಿರುಪು ತಿರುಗಿಸುತ್ತ ಹೋದರೆ ದಿನವಿಡೀ ತಿರುಗಿಸುತ್ತಿರಬೇಕಾಗುತ್ತದೆ. ಎಲ್ಲೋ ಏನೋ ಸಡಿಲವಾಗಿದೆ ಅಥವಾ ಬಟ್ಟೆಯೇ ಜರುಗುತ್ತಿದೆ, ಅದನ್ನು ಹುಡುಕಬೇಕು.

ಹೊಸಬರು ಸಮಯ ಕಳೆದುಕೊಳ್ಳುವುದು ಇಲ್ಲಿಯೇ. ಅಸ್ಥಿರ ದೋಷವನ್ನು ತಿರುಪಿನಿಂದ ಸರಿಪಡಿಸಲು ಹೊರಡುತ್ತಾರೆ. ರಿಜಿಸ್ಟರ್ ಕೊನೆಗಳಿಗೆಯಲ್ಲಿ ಕೂರಿಸುವಂಥದ್ದಲ್ಲ. ಫಿಲ್ಮಿನಿಂದ ಶರ್ಟಿನವರೆಗೆ ಪ್ರತಿ ಹಂತದಲ್ಲೂ ಕಾಪಾಡಿಕೊಂಡು ಬರಬೇಕಾದದ್ದು.

ಫಿಲ್ಮ್ ಮತ್ತು ಮೂರು ಬಿಂದುಗಳು

ಚಿತ್ರವನ್ನು ಬಣ್ಣಗಳಾಗಿ ಬೇರ್ಪಡಿಸುವಾಗಲೇ ಪ್ರತಿ ಬಣ್ಣದ ಫಿಲ್ಮಿನಲ್ಲೂ ಒಂದೇ ಜಾಗಕ್ಕೆ ಬರುವಂತೆ ರಿಜಿಸ್ಟರ್ ಗುರುತುಗಳನ್ನು ಹಾಕಬೇಕು. ವೃತ್ತದೊಳಗೆ ಕೂಡುಗೆರೆ ಇರುವ ಗುರುತು ಒಳ್ಳೆಯದು. ಒಂದೇ ಗುರುತು ಸಾಲದು. ಅದರ ಸುತ್ತ ಫಿಲ್ಮ್ ತಿರುಗಬಹುದು. ಚಿತ್ರದ ಮೇಲೆ ಒಂದು, ಕೆಳಗೆ ಒಂದು ಕನಿಷ್ಠ ಅಗತ್ಯ. ಅವುಗಳ ನಡುವಿನ ಅಂತರ ಹೆಚ್ಚಿದಷ್ಟೂ ಕೋನದ ತಪ್ಪು ಬೇಗ ಗೋಚರಿಸುತ್ತದೆ.

ಒಂದು ಕೆಲಸದ ಎಲ್ಲ ಫಿಲ್ಮುಗಳೂ ಒಂದೇ ಯಂತ್ರದಿಂದ, ಒಂದೇ ಹೊತ್ತಿನಲ್ಲಿ ಬಂದಿರಲಿ. ಲೇಸರ್ ಪ್ರಿಂಟರಿನ ಬಿಸಿಗೆ ಹಾಳೆ ಕುಗ್ಗುತ್ತದೆ. ಟ್ರೇಸಿಂಗ್ ಕಾಗದವಾದರೆ ಮಳೆಗಾಲದ ತೇವಕ್ಕೆ ಹಿಗ್ಗುತ್ತದೆ. ನಿನ್ನೆ ಮೂರು, ಇಂದು ಒಂದು ಎಂದು ತೆಗೆದ ಹಾಳೆಗಳು ಒಂದೇ ಗಾತ್ರದಲ್ಲಿರುವ ಭರವಸೆಯಿಲ್ಲ. ನಾಲ್ಕನ್ನೂ ಒಂದರ ಮೇಲೊಂದಿಟ್ಟು ಬೆಳಕಿನ ಮೇಜಿನ ಮೇಲೆ ನೋಡಿ. ಅಲ್ಲಿ ಕೂಡದ ಗುರುತುಗಳು ಯಂತ್ರದ ಮೇಲೆ ಎಂದಿಗೂ ಕೂಡವು.

ಫಿಲ್ಮನ್ನು ಸ್ಕ್ರೀನಿನ ಯಾವ ಜಾಗಕ್ಕೆ ಅಂಟಿಸಬೇಕು? ಕಣ್ಣಂದಾಜು ಬೇಡ. ಒಂದು ಹಲಗೆಗೆ ಮೂರು ಗೂಟಗಳನ್ನು ಹೊಡೆಯಿರಿ: ಒಂದು ಬದಿಗೆ ಎರಡು, ಅದಕ್ಕೆ ಲಂಬವಾದ ಬದಿಗೆ ಒಂದು. ಚೌಕಟ್ಟನ್ನು ಮೂರಕ್ಕೂ ತಾಗುವಂತೆ ಒತ್ತಿದರೆ ಅದಕ್ಕೆ ಇರುವುದು ಒಂದೇ ಸ್ಥಾನ. ಮೂರು ಚಲನೆಗಳಿಗೆ ಮೂರು ತಡೆ! ಫಿಲ್ಮಿನ ಜಾಗವನ್ನು ಅದೇ ಹಲಗೆಯ ಮೇಲೆ ಗುರುತಿಸಿಟ್ಟರೆ ಪ್ರತಿ ಸ್ಕ್ರೀನಿನಲ್ಲೂ ಚಿತ್ರ ಒಂದೇ ಕಡೆ ಬರುತ್ತದೆ. ಯಂತ್ರದ ತೋಳಿನಲ್ಲೂ ಚೌಕಟ್ಟು ಅವೇ ಮೂರು ಜಾಗಗಳಲ್ಲಿ ತಾಗುವಂತಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ನಾಲ್ಕನೆಯ ಗೂಟ ಸೇರಿಸಿದರೆ ಇನ್ನೂ ಭದ್ರವೆಂದು ಭಾವಿಸಬೇಡಿ. ಚೌಕಟ್ಟು ಸ್ವಲ್ಪ ಸೊಟ್ಟಗಿದ್ದರೂ ಆಗ ಅದು ಯಾವ ಮೂರಕ್ಕೆ ತಾಗುತ್ತದೆಂದು ಹೇಳಲಾಗದು.

ಬಲೆಯ ಬಿಗಿತ

ಸ್ಕ್ರೀನು ಬಟ್ಟೆಗೆ ಅಂಟಿಕೊಂಡಿರುವುದಿಲ್ಲ. ನಡುವೆ ಕೆಲವು ಮಿಲಿಮೀಟರ್ ಅಂತರವಿರುತ್ತದೆ. ಸ್ಕ್ವೀಜಿ ಒತ್ತಿದಲ್ಲಿ ಮಾತ್ರ ಬಲೆ ಬಟ್ಟೆಗೆ ತಾಗಿ, ಸ್ಕ್ವೀಜಿ ದಾಟಿದೊಡನೆ ಮೇಲಕ್ಕೆ ಚಿಮ್ಮಬೇಕು. ಇಲ್ಲವಾದರೆ ಚಿತ್ರ ಕಲಸಿಹೋಗುತ್ತದೆ. ಆದರೆ ಬಲೆ ಕೆಳಗೆ ಬಾಗಬೇಕಾದರೆ ಹಿಗ್ಗಲೇಬೇಕು. ಎಷ್ಟು ಹಿಗ್ಗುತ್ತದೆ?

ಪೈಥಾಗೊರಸ್ ಪ್ರಮೇಯ ಇಲ್ಲಿ ನೆರವಿಗೆ ಬರುತ್ತದೆ. ಚೌಕಟ್ಟಿನ ಒಳ ಅಗಲ 500 ಮಿ.ಮೀ. ಇರಲಿ. ನಡುಮಧ್ಯದಲ್ಲಿ ಬಲೆಯನ್ನು 3 ಮಿ.ಮೀ. ಅದುಮಿದರೆ ಎರಡು ತೆಳು ಲಂಬಕೋನ ತ್ರಿಭುಜಗಳಾಗುತ್ತವೆ. ಲೆಕ್ಕ ಹಾಕಿದರೆ ಬಲೆ ಒಟ್ಟು ಸುಮಾರು 0.04 ಮಿ.ಮೀ. ಹಿಗ್ಗುತ್ತದೆ, ನಿರ್ಲಕ್ಷಿಸಬಹುದಾದಷ್ಟು. ಅಂತರ 6 ಮಿ.ಮೀ. ಆದರೆ? ಹಿಗ್ಗು ಇಮ್ಮಡಿಯಲ್ಲ, ನಾಲ್ಮಡಿ: ಸುಮಾರು 0.14 ಮಿ.ಮೀ. ಅಂತರ 10 ಮಿ.ಮೀ. ಆದರೆ 0.4 ಮಿ.ಮೀ. ಹಿಗ್ಗು ಅಂತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ.

ಬಲೆ ಸಡಿಲವಿದ್ದರೆ ಚಿಮ್ಮುವುದಿಲ್ಲವೆಂದು ಅಂತರ ಹೆಚ್ಚಿಸುತ್ತಾರೆ, ಜೋರಾಗಿ ಒತ್ತುತ್ತಾರೆ. ಸ್ಕ್ವೀಜಿ ಬಲೆಯನ್ನು ತನ್ನೊಂದಿಗೆ ಎಳೆದೊಯ್ಯುತ್ತದೆ. ಗಾತ್ರದ ದೋಷದ ಮೂಲ ಬಹುಮಟ್ಟಿಗೆ ಇದೇ. ಆದ್ದರಿಂದ ಬಿಗಿಯಾದ ಬಲೆ, ಕಡಿಮೆ ಅಂತರ, ಹಗುರವಾದ ಒತ್ತಡ ಇವು ಮೂರೂ ಒಟ್ಟಿಗೆ ಹೋಗಬೇಕು. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಸೆಂಟಿಮೀಟರಿಗೆ 20ರಿಂದ 25 ನ್ಯೂಟನ್ ಬಿಗಿತ ಸಾಮಾನ್ಯ ಕೆಲಸಕ್ಕೆ ಸಾಕು. ಅದನ್ನಳೆಯುವ ಬಿಗಿತಮಾಪಕಗಳಿವೆ. ಮರದ ಚೌಕಟ್ಟು ಅಗ್ಗ. ಆದರೆ ಪ್ರತಿ ಸಲ ತೊಳೆದಾಗಲೂ ನೀರು ಕುಡಿದು ಸೊಟ್ಟಗಾಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ನಾಲ್ಕೂ ಸ್ಕ್ರೀನುಗಳು ಒಂದೇ ಪ್ರಮಾಣದಲ್ಲಿ ಹಿಗ್ಗಿದರೆ ಚಿತ್ರ ಕೂದಲಷ್ಟು ದೊಡ್ಡದಾಗುತ್ತದೆಯೇ ಹೊರತು ಬಣ್ಣಗಳು ತಪ್ಪುವುದಿಲ್ಲ. ಒಂದು 25 ನ್ಯೂಟನ್, ಇನ್ನೊಂದು 12 ನ್ಯೂಟನ್ ಇದ್ದಾಗಲೇ ತೊಂದರೆ. ಎಲ್ಲದರಲ್ಲೂ ಸಮನಾಗಿರುವ ತಪ್ಪು ಕಣ್ಣಿಗೆ ಕಾಣುವುದಿಲ್ಲ, ವ್ಯತ್ಯಾಸವೇ ಕಾಣುವುದು. ಒಂದು ಕೆಲಸಕ್ಕೆ ಒಂದೇ ಗಾತ್ರದ, ಒಂದೇ ಬಿಗಿತದ ಸ್ಕ್ರೀನುಗಳನ್ನು ಆರಿಸುವುದರ ಗುಟ್ಟು ಇದು.

ಯಂತ್ರದ ಅಲುಗಾಟ, ಬಟ್ಟೆಯ ಜರುಗಾಟ

ತೋಳನ್ನು ಕೆಳಗಿಳಿಸಿ, ಅದರ ತುದಿಯನ್ನು ಹಿಡಿದು ಮೆಲ್ಲಗೆ ಎಡಬಲಕ್ಕೆ ಅಲುಗಿಸಿ. ಟಕ್ ಎಂಬ ಸದ್ದು ಕೇಳಿದರೆ ಬೇರಿಂಗ್ ಸವೆದಿದೆ ಅಥವಾ ಬೋಲ್ಟ್ ಸಡಿಲವಾಗಿದೆ. ಕಂಬದಿಂದ 100 ಮಿ.ಮೀ. ದೂರದಲ್ಲಿರುವ 0.1 ಮಿ.ಮೀ. ಸಡಿಲವು 800 ಮಿ.ಮೀ. ದೂರದ ಚಿತ್ರದಲ್ಲಿ 0.8 ಮಿ.ಮೀ. ಆಗಿ ಬೆಳೆದಿರುತ್ತದೆ. ಸನ್ನೆಯ ತತ್ವ ಇಲ್ಲಿ ನಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ತೋಳನ್ನು ಪ್ರತಿ ಸಲ ಒಂದೇ ಕಡೆ ಹಿಡಿದಿಡುವ ಕಚ್ಚನ್ನು ಕಂಬದಿಂದ ಆದಷ್ಟು ದೂರ ಇಡುವುದು ಇದೇ ಕಾರಣಕ್ಕೆ. ಆ ಕಚ್ಚಿನೊಳಗೆ ಒಣಗಿದ ಶಾಯಿ ಸೇರಿಕೊಂಡಿದ್ದರೂ ರಿಜಿಸ್ಟರ್ ತಪ್ಪುತ್ತದೆ.

ಬಟ್ಟೆಯನ್ನು ಹಲಗೆಗೆ ತೆಳುವಾಗಿ ಅಂಟು ಹಚ್ಚಿ, ಎಳೆಯದೆ ಹಾಸಬೇಕು. ಎಳೆದು ಹಾಸಿದ ಹೆಣಿಗೆ ಬಟ್ಟೆ ಮುದ್ರಣದ ನಡುವೆ ತನ್ನ ಮೂಲ ರೂಪಕ್ಕೆ ಮರಳುತ್ತದೆ. ಎರಡು ಬಣ್ಣಗಳ ನಡುವೆ ಹೀಟರಿನಿಂದ ಒಣಗಿಸುವಾಗ ಹತ್ತಿ ತನ್ನಲ್ಲಿದ್ದ ತೇವ ಕಳೆದುಕೊಂಡು ಕುಗ್ಗುತ್ತದೆ. 300 ಮಿ.ಮೀ. ಚಿತ್ರದಲ್ಲಿ ಶೇಕಡ 0.2ರಷ್ಟು ಕುಗ್ಗಿದರೂ 0.6 ಮಿ.ಮೀ. ಆಯಿತು! ಶಾಯಿ ಕೈಗೆ ಅಂಟದಷ್ಟು ಮಾತ್ರ ಒಣಗಿಸಿ. ಪೂರ್ಣ ಹದಗೊಳಿಸುವುದು ಕೊನೆಯಲ್ಲಿ. ಕೆಲಸ ಆರಂಭಿಸುವ ಮುಂಚೆ ಹಲಗೆಗಳನ್ನು ಬಿಸಿ ಮಾಡಿಕೊಂಡರೆ ಮೊದಲ ಶರ್ಟಿಗೂ ಐವತ್ತನೆಯ ಶರ್ಟಿಗೂ ವ್ಯತ್ಯಾಸ ಕಡಿಮೆಯಾಗುತ್ತದೆ.

ಕೂರಿಸುವ ಕ್ರಮ

1. ಎಲ್ಲ ತಿರುಪುಗಳನ್ನೂ ಅವುಗಳ ಓಟದ ನಡುಮಧ್ಯಕ್ಕೆ ತನ್ನಿ. ಆಗ ಎರಡೂ ದಿಕ್ಕಿಗೆ ಸರಿಸಲು ಅವಕಾಶವಿರುತ್ತದೆ.

2. ಹಲಗೆ ಮತ್ತು ಸ್ಕ್ರೀನು ಸಮಾಂತರವಾಗಿರುವುದನ್ನು ನಾಲ್ಕು ಮೂಲೆಗಳಲ್ಲೂ ಪರೀಕ್ಷಿಸಿ. ಅಂತರ ಅಳೆಯಲು ಒಂದೇ ದಪ್ಪದ ರಟ್ಟಿನ ಚೂರುಗಳು ಸಾಕು. ಎಲ್ಲ ತೋಳುಗಳಿಗೂ ಅದೇ ಅಂತರ ಇಡಿ.

3. ಆಧಾರವಾಗಿ ಒಂದು ಬಣ್ಣವನ್ನು ಆರಿಸಿ. ಹೆಚ್ಚು ವಿವರಗಳಿರುವ ಬಣ್ಣ, ಸಾಮಾನ್ಯವಾಗಿ ಹೊರರೇಖೆ, ಇದಕ್ಕೆ ಸೂಕ್ತ. ಗಾಢ ಬಣ್ಣದ ಬಟ್ಟೆಗೆ ಅಡಿಯಲ್ಲಿ ಹಾಕುವ ಬಿಳಿಯೇ ಆಧಾರ. ಅದನ್ನು ಮುದ್ರಿಸಿ, ಒಣಗಿಸಿ. ಆ ಬಳಿಕ ಆ ಸ್ಕ್ರೀನನ್ನು ಮುಟ್ಟಬೇಡಿ.

4. ಉಳಿದ ಒಂದೊಂದು ಸ್ಕ್ರೀನನ್ನೂ ಆ ಮುದ್ರಣದ ಮೇಲಿಳಿಸಿ, ಗುರುತುಗಳನ್ನು ಕಣ್ಣಿನಿಂದ ಹೊಂದಿಸಿ, ಬಿಗಿಮಾಡಿ ಮುದ್ರಿಸಿ ನೋಡಿ. ಬೋಲ್ಟ್ ಬಿಗಿಯುವಾಗಲೇ ಚೌಕಟ್ಟು ತುಸು ಸರಿಯುವುದುಂಟು.

5. ಮೊದಲು ಕೋನವನ್ನು ಸರಿಪಡಿಸಿ, ಆಮೇಲೆ ಎಡಬಲ, ಹಿಂದುಮುಂದು. ಕ್ರಮ ತಪ್ಪಿದರೆ ಕೋನ ತಿದ್ದುವಾಗ ಉಳಿದೆರಡೂ ಮತ್ತೆ ಕೆಡುತ್ತವೆ.

6. ಪರೀಕ್ಷೆಯ ಮುದ್ರಣದಲ್ಲೂ ನಿಜವಾದ ಮುದ್ರಣದಲ್ಲೂ ಸ್ಕ್ವೀಜಿಯ ಓರೆ, ಒತ್ತಡ, ದಿಕ್ಕು ಒಂದೇ ಇರಲಿ. ಸಾಧ್ಯವಾದರೆ ಕೈಯೂ ಒಬ್ಬರದೇ ಇರಲಿ.

ಉಳಿದ ಅಲ್ಪ ತಪ್ಪಿಗೆ

ಇಷ್ಟಾದರೂ ತಪ್ಪು ಸೊನ್ನೆಯಾಗುವುದಿಲ್ಲ. ಅದಕ್ಕೆ ವಿನ್ಯಾಸದಲ್ಲಿಯೇ ಜಾಗ ಬಿಡಬೇಕು. ತಿಳಿಬಣ್ಣವನ್ನು ಗಾಢ ರೇಖೆಯ ಅಡಿಗೆ 0.25ರಿಂದ 0.5 ಮಿ.ಮೀ. ಒಳಹೋಗುವಂತೆ ಹಿಗ್ಗಿಸಿದರೆ ಬಣ್ಣ ಸ್ವಲ್ಪ ಸರಿದರೂ ಬಟ್ಟೆ ಇಣುಕುವುದಿಲ್ಲ. ಅಡಿಯ ಬಿಳಿಯನ್ನು ಮಾತ್ರ ಅಷ್ಟೇ ಕುಗ್ಗಿಸಬೇಕು. ಇಲ್ಲವಾದರೆ ಅದು ಹೊರಗೆ ಕಾಣುತ್ತದೆ. ಛಾಯಾಚಿತ್ರದಂಥ ಚುಕ್ಕೆಗಳ ಮುದ್ರಣದಲ್ಲಿ ಈ ಉಪಾಯ ನಡೆಯದು. ಅಂಗುಲಕ್ಕೆ 45 ಸಾಲು ಚುಕ್ಕೆಗಳಿದ್ದರೆ ಎರಡು ಚುಕ್ಕೆಗಳ ನಡುವಿನ ದೂರವೇ ಸುಮಾರು 0.56 ಮಿ.ಮೀ.; ಅದರ ಅರ್ಧದಷ್ಟು ಸರಿದರೂ ಚಿತ್ರ ಮಸುಕಾಗಿ, ಬಣ್ಣದ ಛಾಯೆಯೂ ಬದಲಾಗಬಹುದು. ಕೈಯಂತ್ರದಲ್ಲಿ ಅಂಥ ಕೆಲಸ ಒಪ್ಪಿಕೊಳ್ಳುವ ಮುನ್ನ ಐದು ಬಟ್ಟೆಗಳ ಪರೀಕ್ಷೆ ಮಾಡಿ, ನಿಮ್ಮ ಯಂತ್ರದ ಅಸ್ಥಿರ ದೋಷ ಎಷ್ಟೆಂದು ತಿಳಿದುಕೊಳ್ಳಿ. ಅದು 0.3 ಮಿ.ಮೀ. ಇದ್ದರೆ ಅದಕ್ಕಿಂತ ಸೂಕ್ಷ್ಮವಾದ ಕೆಲಸವನ್ನು ಎಷ್ಟು ತಿರುಪು ತಿರುಗಿಸಿದರೂ ಆ ಯಂತ್ರ ಮಾಡಿಕೊಡದು. ಅಂಥ ಚಿತ್ರ ಬಂದಾಗ ವಿನ್ಯಾಸವನ್ನು ಬದಲಿಸಿಕೊಡಿ ಎಂದು ಗಿರಾಕಿಗೆ ಮೊದಲೇ ಹೇಳುವುದು ನೂರು ಶರ್ಟುಗಳ ಬೆಲೆ ತೆರುವುದಕ್ಕಿಂತ ಮೇಲು.